12 ನಿಯಾನ್ ಟೆಟ್ರಾ ಮೀನುಗಳಲ್ಲಿ 4 ಸತ್ತಿವೆ, ಉಳಿದವು ಫಿಲ್ಟರಿನ ಹಿಂದೆ ಅಡಗಿವೆ: ಕಾರಣವೇನು?

ಪ್ರಶ್ನೆ

ನಮಸ್ಕಾರ. ಬೆಂಗಳೂರಿನ ನಮ್ಮ ಮನೆಯಲ್ಲಿ ಸುಮಾರು 55 ಲೀಟರ್ ಹಿಡಿಯುವ 2 ಅಡಿ ಉದ್ದದ ಮೀನಿನ ಟ್ಯಾಂಕ್ ಇದೆ. ಸಂಪಿನಲ್ಲಿ ಕಾವೇರಿ ನೀರೂ ಬೋರ್‌ವೆಲ್ ನೀರೂ ಬೆರೆಯುತ್ತವೆ. ಎರಡು ತಿಂಗಳಿಂದ 3 ಪ್ಲಾಟಿ ಮೀನುಗಳು ಮಾತ್ರ ಇದ್ದು, ಚೆನ್ನಾಗಿಯೇ ಇವೆ. ಗುಂಪಾಗಿ ಈಜುವ ಮೀನು ಬೇಕೆಂದು ಮಗಳು ಕೇಳುತ್ತಿದ್ದುದರಿಂದ ಕಳೆದ ಭಾನುವಾರ 12 ನಿಯಾನ್‌ಗಳನ್ನು ಒಟ್ಟಿಗೆ ತಂದೆ. ಟ್ಯಾಂಕ್ ಸ್ವಚ್ಛವಾಗಿರಲಿ ಎಂದು ಹಿಂದಿನ ದಿನವೇ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬಿಳಿಯಾಗುವವರೆಗೆ ತೊಳೆದಿದ್ದೆ. ಬುಧವಾರದೊಳಗೆ 4 ಮೀನುಗಳು ಸತ್ತವು. ಉಳಿದವು ಫಿಲ್ಟರಿನ ಹಿಂದೆ ಸೇರಿಕೊಂಡು ವೇಗವಾಗಿ ಉಸಿರಾಡುತ್ತಿವೆ. ಬೆಳಿಗ್ಗೆ ದೀಪ ಹಾಕಿದಾಗ ಅವುಗಳ ನೀಲಿ ಗೆರೆ ಬೂದಾಗಿ ಕಾಣುತ್ತದೆ. ನೀರು ಪರೀಕ್ಷಿಸುವ ಕಿಟ್‌ನಲ್ಲಿ ಅಮೋನಿಯಾ 1, ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) 8 ಬಂದಿದೆ. ದಯವಿಟ್ಟು ತಿಳಿಸಿ.

ಉತ್ತರ

ಮೊದಲು ಮಾಡಬೇಕಾದದ್ದು: ಇಂದೇ ಮೂರನೇ ಒಂದು ಭಾಗದಷ್ಟು ನೀರನ್ನು ಬದಲಿಸಿ, ಹೊಸ ನೀರಿಗೆ ಆಂಟಿ-ಕ್ಲೋರಿನ್ ಹಾಕಿ. ಅಮೋನಿಯಾ ಸೊನ್ನೆಗೆ ಇಳಿಯುವವರೆಗೆ ದಿನವೂ ಹೀಗೆ ಮಾಡಿ. ಎರಡು ದಿನ ಆಹಾರ ಬೇಡ. ಏರ್ ಪಂಪ್ ಇದ್ದರೆ ಹಗಲಿರುಳೂ ಓಡಲಿ.

ನಿಮ್ಮ ಮೀನುಗಳನ್ನು ಕೊಂದದ್ದು ರೋಗವಲ್ಲ, ಅಮೋನಿಯಾ ಎಂದೇ ನನ್ನ ನಿರ್ಣಯ. ಮೀನುಗಳು ಹೊರಹಾಕುವ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಸ್ಪಂಜಿನಲ್ಲೇ ನೆಲೆಸಿರುತ್ತವೆ ಮತ್ತು ಸಿಗುವ ಆಹಾರಕ್ಕೆ ತಕ್ಕಷ್ಟೇ ಬೆಳೆದಿರುತ್ತವೆ. 3 ಪ್ಲಾಟಿಗಳಿಗೆ ಸಾಲುವಷ್ಟಿದ್ದ ಆ ನೆಲೆಯನ್ನು ನೀವು ಕ್ಲೋರಿನ್ ಇರುವ ನೀರಿನಲ್ಲಿ ತೊಳೆದುಬಿಟ್ಟು, ಮರುದಿನವೇ 12 ಮೀನುಗಳ ಹೊರೆಯನ್ನು ಅದರ ಮೇಲೆ ಹೊರಿಸಿದಿರಿ. ಮೇಲಾಗಿ 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಶೇಕಡಾ 0.6ರಷ್ಟಿದ್ದರೆ, ಪಿಎಚ್ 8ರಲ್ಲಿ ಅದು ಶೇಕಡಾ 5ನ್ನು ದಾಟುತ್ತದೆ. ಹಾಗೆಂದು ಪಿಎಚ್ ಇಳಿಸುವ ದ್ರಾವಣವನ್ನು ಸುರಿಯಬೇಡಿ; ಗಡಸು ನೀರಿನಲ್ಲಿ ಪಿಎಚ್ ಮತ್ತೆ ಮೇಲೇರುತ್ತದೆ, ಆ ಏರಿಳಿತವೇ ಮೀನಿಗೆ ಇನ್ನೊಂದು ಪೆಟ್ಟು.

ಸ್ನೇಹಿತರ ಆರೋಗ್ಯವಂತ ಟ್ಯಾಂಕಿನಿಂದ ಹಳೆಯ ಸ್ಪಂಜಿನ ತುಂಡೊಂದನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿನಲ್ಲಿಡಲು ಸಾಧ್ಯವಾದರೆ, ಅದಕ್ಕಿಂತ ಒಳ್ಳೆಯ ಔಷಧಿಯಿಲ್ಲ. ಇನ್ನು ಮುಂದೆ ಸ್ಪಂಜನ್ನು ಟ್ಯಾಂಕಿನಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಅದ್ದಿ ಅಲುಗಿಸಿದರೆ ಸಾಕು. ಗೆರೆಯ ಬಣ್ಣದ ಬಗ್ಗೆ ಆತಂಕ ಬೇಡ. ಕತ್ತಲಲ್ಲಿ ನಿಯಾನ್‌ನ ಬಣ್ಣ ಮಾಸುವುದು ಸಹಜ.

ಪ್ರಶ್ನೆ ಕೇಳಿದವರು (9 ದಿನಗಳ ನಂತರ)

ಇನ್ನೊಂದು ಮೀನು ಹೋಯಿತು, 7 ಉಳಿದಿವೆ. ಅಮೋನಿಯಾ ಸೊನ್ನೆ, ನೈಟ್ರೈಟ್ 0.25 ಇದೆ. ಈಗ ಮುಂದೆ ಬಂದು ತಿನ್ನುತ್ತಿವೆ, ಆದರೆ ಚದುರಿಯೇ ಈಜುತ್ತವೆ. ಮಗಳು ಗಾಜಿನ ಬಳಿ ಬಂದ ಕೂಡಲೇ ಏಳೂ ಒಂದಾಗಿ ತಿರುಗಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಿಡಿಬಿಡಿಯಾಗುತ್ತವೆ. ಸಂಖ್ಯೆ ಕಡಿಮೆಯಾಯಿತೆ? ಇನ್ನೂ 5 ತರಬಹುದೆ?

ಉತ್ತರ

ಚದುರಿ ಈಜುವುದು ಅವು ನಿರ್ಭಯವಾಗಿವೆ ಎಂಬುದರ ಗುರುತು. ಅಪಾಯದ ಸುಳಿವು ಸಿಕ್ಕಾಗ ಮಾತ್ರ ಅವು ಒತ್ತಾಗಿ ಹಿಂಡುಗಟ್ಟುತ್ತವೆ; ಆ ನೋಟಕ್ಕಾಗಿ ಅವುಗಳನ್ನು ಬೆದರಿಸುವುದು ಬೇಡವೆಂದು ಮಗಳಿಗೂ ತಿಳಿಸಿ. 6ಕ್ಕಿಂತ ಕಡಿಮೆಯಾದರೆ ಅಂಜುತ್ತವೆ, 7 ಇವೆ, ಆದ್ದರಿಂದ ಅವಸರವಿಲ್ಲ. ನೈಟ್ರೈಟ್ ಕೂಡ ಮೀನಿಗೆ ವಿಷವೇ; ಅದು ಸೊನ್ನೆಗೆ ಇಳಿದು ಮೂರು ವಾರ ಹಾಗೆಯೇ ನಿಂತ ಮೇಲೆ ಉಳಿದ 5ನ್ನು ತನ್ನಿ. ಅವುಗಳನ್ನು ಮೊದಲು ಸ್ಪಂಜ್ ಫಿಲ್ಟರ್ ಇರುವ ಬೇರೆ ಟಬ್ಬಿನಲ್ಲಿ ಎರಡು-ಮೂರು ವಾರ ಇರಿಸಿ, ರೋಗದ ಗುರುತಾದ ಬಿಳಿ ಚುಕ್ಕೆಗಳು ಮೈಮೇಲೆ ಕಾಣಿಸುತ್ತವೆಯೇ ಎಂದು ನೋಡಿ. ನಿಯಾನ್ ಅಮೆಜಾನ್ ಕೊಳ್ಳದ ಮೆದು ನೀರಿನ ಮೀನಾದುದರಿಂದ, ಗಡಸು ನೀರಿಗೆ ಹೊಂದಿಸುವಾಗ ಆತುರ ಕೂಡದು: ಏರ್ ಪಂಪಿನ ಕೊಳವೆಗೆ ಒಂದು ಸಡಿಲ ಗಂಟು ಹಾಕಿ, ಟಬ್ಬಿನ ನೀರನ್ನು, ಅಂಗಡಿಯ ನೀರಿನೊಂದಿಗೆ ಮೀನಿರುವ ಪಾತ್ರೆಗೆ ಹನಿಹನಿಯಾಗಿ ಬಿಡಿ, ಒಂದು ಗಂಟೆಯಲ್ಲಿ ಪಾತ್ರೆಯ ನೀರು ಎರಡರಷ್ಟಾದ ಮೇಲೆ ಮೀನುಗಳನ್ನು ಬಲೆಯಿಂದ ಎತ್ತಿ ಟಬ್ಬಿಗೆ ಬಿಡಿ. ಅಂಗಡಿಯ ನೀರನ್ನು ಮಾತ್ರ ಒಳಗೆ ಸುರಿಯಬೇಡಿ.