ರಾಬಿನ್ ಹುಡ್ ಒದೆ ತಿನ್ನುವಲ್ಲಿಂದ ಶುರು ಮಾಡಿ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಗೆ ಮುಂಚಿನ ಕನ್ನಡ ಕಲಿ ತರಗತಿಗೆ ರಾಬಿನ್ ಹುಡ್, ಅದೇ ಇಂಗ್ಲೆಂಡಿನ ಹಳೆಯ ಕತೆಗಳ ಬಿಲ್ಲುಗಾರನನ್ನು ಇಟ್ಟುಕೊಳ್ಳೋಣ ಅಂತಿದ್ದೇವೆ. 5ರಿಂದ 10 ವರ್ಷದ 14 ಮಕ್ಕಳು, ಎರಡು ಗಂಟೆ, ಒಂದು ಹಾಲ್. ಮರುವಾರ ಅವನ ಕತೆ ನಡೆಯುವ ಶೆರ್ವುಡ್ ಕಾಡು ಮತ್ತು ನಾಟಿಂಗ್‌ಹ್ಯಾಮ್ ಊರಿಗೆ ಪ್ರವಾಸ. ಬಣ್ಣ ಹಚ್ಚುವ ಹಾಳೆ ಬಿಟ್ಟು ಇನ್ನೇನು ಮಾಡಿಸಬಹುದು?

*

ಮೇಡಂ, ಕತೆ ಹೇಳಿ ಆಮೇಲೆ ಆಟ ಅಂತ ಮಾಡಬೇಡಿ, ಆಟವೇ ಮೊದಲಿರಲಿ. "ಸಾಹುಕಾರರನ್ನು ದೋಚಿ ಬಡವರಿಗೆ ಹಂಚಿದ" ಅಂತ ಬಾಯಿ ತೆರೆದರೆ ಯಾರಾದರೊಬ್ಬರು "ಹಾಗಾದ್ರೆ ಕದಿಯೋದು ಸರೀನಾ?" ಅನ್ನುತ್ತಾರೆ, ಉಳಿದ ಹೊತ್ತೆಲ್ಲ ಅದೇ ಪಂಚಾಯ್ತಿ. ರಾಬಿನ್ ಕತೆ ಹೇಳುವ ಹಳೆಯ ಹಾಡುಗಳಲ್ಲಿ, ಅಂದರೆ ಬ್ಯಾಲಡ್‌ಗಳಲ್ಲಿ, ಆ ದಾನಶೂರತನ ಅಷ್ಟಾಗಿ ಕಾಣುವುದೂ ಇಲ್ಲ. ಅವುಗಳಲ್ಲಿ ಮತ್ತೆ ಮತ್ತೆ ಬರುವುದು ಬೇರೆಯದೇ: ದಾರಿಯಲ್ಲಿ ಯಾರೋ ಸಿಗುತ್ತಾನೆ, ರಾಬಿನ್ ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುತ್ತಾನೆ, ಚೆನ್ನಾಗಿ ಒದೆ ತಿನ್ನುತ್ತಾನೆ, ಕೊನೆಗೆ ನಕ್ಕು ಹೊಡೆದವನನ್ನೇ ತಂಡಕ್ಕೆ ಕರೆಯುತ್ತಾನೆ. ಅವನ ಬಲಗೈ ಬಂಟ ಲಿಟಲ್ ಜಾನ್ ಸೇರಿದ್ದು ಹೀಗೆ, ಸೇತುವೆಯ ಮೇಲಿನ ದೊಣ್ಣೆ ಜಗಳದಲ್ಲಿ. ಸೋತು ನಗುವ ನಾಯಕ ಮಕ್ಕಳಿಗೆ ತಕ್ಷಣ ಹಿಡಿಸುತ್ತಾನೆ.

ಸೇತುವೆ ಆಟ ಹೀಗೆ. ನೆಲಕ್ಕೆ ಮಾಸ್ಕಿಂಗ್ ಟೇಪಿನಿಂದ 3 ಮೀಟರ್ ಉದ್ದದ ಎರಡು ಗೆರೆ ಎಳೆಯಿರಿ, ನಡುವೆ 15 ಸೆಂ.ಮೀ. ಅಂತರ. ಅದೇ ಸೇತುವೆ, ಆಚೀಚೆ ನೀರು. ಈಜುಕೊಳದ ಫೋಮ್ ನೂಡಲ್ ಎರಡು ಸಾಕು. ಏಳರೊಳಗಿನವರಿಗೆ 1 ಮೀಟರಿಗೆ ಕತ್ತರಿಸಿ, ದೊಡ್ಡವರಿಗೆ ಪೂರ್ತಿ ಉದ್ದ. ಎರಡೂ ತುದಿಯಿಂದ ಒಬ್ಬೊಬ್ಬರು ಬರುತ್ತಾರೆ, ಯಾರೂ ದಾರಿ ಬಿಡುವ ಹಾಗಿಲ್ಲ. ಭುಜದಿಂದ ಕೆಳಗೆ ಮಾತ್ರ ಹೊಡೆತ. ಕಾಲು ಗೆರೆ ದಾಟಿದರೆ ನೀರಿಗೆ ಬಿದ್ದಂತೆ. ಒಂದು ಜೋಡಿಗೆ 40 ಸೆಕೆಂಡಿಗಿಂತ ಹೆಚ್ಚು ಕೊಡಬೇಡಿ, ಸಾಲಿನಲ್ಲಿ ನಿಂತವರು ತಳ್ಳಾಟ ಶುರು ಮಾಡುತ್ತಾರೆ.

ಆಟ ಕೆಡುವುದು ನೂಡಲ್ ಹಿಡಿಯುವ ರೀತಿಯಲ್ಲಿ. ಒಂದು ತುದಿ ಹಿಡಿದರೆ ಅದು ಕತ್ತಿಯಾಗಿ ನೇರ ಮುಖಕ್ಕೆ ಬೀಸುತ್ತದೆ. ನಡುಭಾಗವನ್ನು ಎರಡೂ ಕೈಯಲ್ಲಿ, ಕೈಗಳ ಮಧ್ಯೆ ಒಂದು ಗೇಣು ಬಿಟ್ಟು ಹಿಡಿಸಿ. ಆಗ ಅದು ದೊಣ್ಣೆ. ಆ ಕಾಲದ ಕ್ವಾರ್ಟರ್‌ಸ್ಟಾಫ್ ಅನ್ನುವ ಉದ್ದನೆಯ ದೊಣ್ಣೆ ಹಿಡಿಯಲೂ ಎರಡು ಕೈ ಬೇಕಿತ್ತು. ತುದಿ ಜೋಲುತ್ತದೆ ಅಂತ ಒಳಗೆ ಕೋಲು ತೂರಿಸಬೇಡಿ. ಹಾಲ್ ನೆಲದ ಮೇಲೆ ಸಾಕ್ಸ್ ಜಾರುತ್ತದೆ, ಬರಿಗಾಲೇ ವಾಸಿ.

ಸೋತವರು ಗೆದ್ದವರಿಗೆ "ನಮ್ಮ ತಂಡಕ್ಕೆ ಬಾ" ಅಂತ ಕನ್ನಡದಲ್ಲೇ ಕರೆದು ಒಂದು ತಿರುಗುಮುರುಗು ಹೆಸರು ಇಡಬೇಕು. ಬ್ಯಾಲಡ್‌ನಲ್ಲಿ ಏಳಡಿ ಆಳಿಗೆ ‘ಲಿಟಲ್’ ಅಂತ ಇಟ್ಟ ಹಾಗೆ ಉದ್ದನೆಯವನಿಗೆ ‘ಪುಟ್ಟ’, ವಟವಟ ಅನ್ನುವವಳಿಗೆ ‘ಮೌನಿ’. ಕತೆ ಆಮೇಲೆ ಹೇಳಿ, ಅರ್ಧ ಅವರೇ ಹೇಳಿಬಿಡುತ್ತಾರೆ.

*

ಬಿಲ್ಲಿಗೆ ಐಸ್‌ಕ್ರೀಮ್ ಕಡ್ಡಿ ಸಾಕು, ಆದರೆ ಅರ್ಧ ಕೆಲಸ ಹಿಂದಿನ ದಿನವೇ ಆಗಬೇಕು. 14 ಮಕ್ಕಳಿಗೆ 25 ಕಡ್ಡಿ ಇಟ್ಟುಕೊಳ್ಳಿ, ಕೆಲವು ಮುರಿದೇ ಮುರಿಯುತ್ತವೆ. ಮರದ ಎಳೆ ಉದ್ದುದ್ದಕ್ಕೆ ನೇರ ಇರುವಂಥವನ್ನು ಆರಿಸಿ. ಎಳೆ ಅಡ್ಡಕ್ಕೆ ಓಡಿದ ಕಡ್ಡಿ ಬಾಗಿಸುವಾಗ ಪಟ್ ಅನ್ನುತ್ತದೆ. ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಬಿಟ್ಟು, ಮೆತ್ತಗಾದ ಮೇಲೆ ಎರಡೂ ತುದಿಯಿಂದ 5 ಮಿ.ಮೀ. ಒಳಗೆ, ಎರಡೂ ಅಂಚಿಗೆ ಸಣ್ಣ ಕಚ್ಚು ಹಾಕಿ. ಒಣ ಕಡ್ಡಿಗೆ ಚಾಕು ಹಾಕಿದರೆ ಸೀಳುತ್ತದೆ. ನಿಧಾನ ಬಾಗಿಸಿ ಸ್ಟೀಲ್ ಲೋಟದ ಒಳಗೋಡೆಗೆ ಒತ್ತಿ ಇಟ್ಟು ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ಬಿಲ್ಲಿನ ಬಾಗು ಹಾಗೇ ನಿಂತಿರುತ್ತದೆ.

ಮಕ್ಕಳ ಕೆಲಸ ಹೆದೆ ಕಟ್ಟುವುದು. 25 ಸೆಂ.ಮೀ. ಡೆಂಟಲ್ ಫ್ಲಾಸ್, ಮೇಣ ಹಚ್ಚಿದ್ದೇ ತನ್ನಿ, ಗಂಟು ಜಾರುವುದಿಲ್ಲ. ಬಾಣಕ್ಕೆ ಕಿವಿ ಕಡ್ಡಿ, ಒಂದು ಕಡೆಯ ಹತ್ತಿ ಕತ್ತರಿಸಿದ್ದು. 2020ರ ಅಕ್ಟೋಬರಿನಿಂದ ಇಂಗ್ಲೆಂಡಿನಲ್ಲಿ ಪ್ಲಾಸ್ಟಿಕ್ ಕಿವಿ ಕಡ್ಡಿ ಮಾರುವ ಹಾಗಿಲ್ಲ. ಈಗಿನ ಕಾಗದದ ಕಡ್ಡಿ ಕತ್ತರಿಗೆ ಸಿಕ್ಕಿ ಚಪ್ಪಟೆಯಾಗುತ್ತದೆ. ಹಾಗಾದರೆ ಬಾಯನ್ನು ಗುಂಡುಪಿನ್ನಿನಿಂದ ಬಿಡಿಸಿ 2 ಮಿ.ಮೀ. ಸೀಳು ಕೊಡಿ, ಇಲ್ಲದಿದ್ದರೆ ಹೆದೆಯ ಮೇಲೆ ಕೂರುವುದಿಲ್ಲ. ಗುರಿಗೆ ಕಾಗದದ ಲೋಟಗಳ ಸಾಲು, ಎರಡು ಮೀಟರ್ ದೂರ.

ಎಲ್ಲರೂ ಒಂದೇ ಗೆರೆಯಿಂದ, ಒಂದೇ ದಿಕ್ಕಿಗೆ. ಅಪ್ಪಣೆ ಕನ್ನಡದಲ್ಲಿ: ಹೂಡಿ, ಎಳೆಯಿರಿ, ಬಿಡಿ, ಹೆಕ್ಕಿ. ‘ಹೆಕ್ಕಿ’ ಅನ್ನುವ ತನಕ ಯಾರೂ ಗೆರೆ ದಾಟುವಂತಿಲ್ಲ. ನಿಜವಾದ ಬಿಲ್ಲುಗಾರಿಕೆ ಕ್ಲಬ್ಬಿನಲ್ಲೂ ಇದೇ ಶಿಸ್ತು. ಬತ್ತಳಿಕೆ, ಹೆದೆ, ಗುರಿ ಇವೆಲ್ಲ ಆಟದಲ್ಲೇ ಬಾಯಿಗೆ ಬರುತ್ತವೆ. ದೊಡ್ಡ ಮಕ್ಕಳಿಗೆ ಇದೂ ಹೇಳಿ: 1363ರಲ್ಲಿ ಇಂಗ್ಲೆಂಡಿನ ರಾಜ ಮೂರನೇ ಎಡ್ವರ್ಡ್ ರಜಾದಿನಗಳಲ್ಲಿ ಬೇರೆ ಆಟ ಬಿಟ್ಟು ಬಿಲ್ಲಿನ ಅಭ್ಯಾಸ ಮಾಡಿ ಅಂತ ಆಜ್ಞೆ ಹೊರಡಿಸಿದ್ದ. ಹೋಂವರ್ಕ್ ಅಂದ್ರೆ ಇದಪ್ಪಾ!

ಹಸಿರು ಬಟ್ಟೆಗೆ ಒಂದು ಮಾತು. ರಾಬಿನ್ ತಂಡದ ಬಟ್ಟೆಯ ಲಿಂಕನ್ ಗ್ರೀನ್ ಅನ್ನುವ ಹಸಿರು ಬಣ್ಣ ಬರುತ್ತಿದ್ದದ್ದು ವೋಡ್ ಗಿಡದ ನೀಲಿಯ ಜೊತೆ ವೆಲ್ಡ್ ಗಿಡದ ಹಳದಿ ಸೇರಿಸಿ. ಹಳದಿಗೆ ನಮ್ಮ ಅರಿಶಿನವೇ ಇದೆಯಲ್ಲ ಅಂತ ಹೊರಡಬೇಡಿ. ಬಿಸಿಲಿಗೆ ಬಿಳಿಚುತ್ತದೆ, ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕುಂಕುಮದ ಬಣ್ಣ ಬರುವುದೂ ಇದೇ ಕಾರಣಕ್ಕೆ. ಅದನ್ನು ಬೇಕಾದರೆ ಬೇರೆ ಆಟವಾಗಿ ತೋರಿಸಿ. ಟೋಪಿಗೆ ಹಸಿರು ಫೆಲ್ಟ್ ಕೊಂಡು ತನ್ನಿ.

*

ಪ್ರವಾಸದ ಬಗ್ಗೆ. ಮೇಜರ್ ಓಕ್ ಅನ್ನುವ ಭಾರೀ ಹಳೆಯ ಓಕ್ ಮರ ಇರುವುದು ಎಡ್ವಿನ್‌ಸ್ಟೋ ಹಳ್ಳಿಯ ಪಕ್ಕದ ಶೆರ್ವುಡ್ ಫಾರೆಸ್ಟ್‌ನಲ್ಲಿ. ಅಲ್ಲೇ ಹತ್ತಿರ ಶೆರ್ವುಡ್ ಪೈನ್ಸ್ ಅಂತ ಇನ್ನೊಂದು ಜಾಗ ಇದೆ, ಸೈಕಲ್ ಹಾದಿಗಳಿರುವ ಪೈನ್ ತೋಪು. ಮ್ಯಾಪಿನಲ್ಲಿ ಬರೀ ‘ಶೆರ್ವುಡ್’ ಅಂತ ಹಾಕಿ ಹೊರಟರೆ ಅರ್ಧ ಕಾರುಗಳು ಇಲ್ಲಿ, ಅರ್ಧ ಅಲ್ಲಿ.

ಮರದ ಸುತ್ತ ಬೇಲಿ ಇದೆ, ಮುಟ್ಟುವಂತಿಲ್ಲ. ಜನ ತುಳಿದು ತುಳಿದು ಬೇರಿನ ಮೇಲಿನ ಮಣ್ಣು ಗಟ್ಟಿಯಾಯಿತು, ನೀರು ಇಳಿಯದಾಯಿತು, ಅದಕ್ಕೇ 1970ರ ದಶಕದಲ್ಲಿ ಬೇಲಿ ಹಾಕಿದರು. ದೂರದಿಂದ ನೋಡಿದರೆ ಮಕ್ಕಳಿಗೆ ಗಾತ್ರ ತಿಳಿಯುವುದಿಲ್ಲ. ಹಾಗಾಗಿ ತರಗತಿಯಲ್ಲೇ ಎರಡು ಸೀರೆ ತುದಿಗೆ ತುದಿ ಗಂಟು ಹಾಕಿ ನೆಲದ ಮೇಲೆ ಉಂಗುರ ಮಾಡಿ. ಐದೂವರೆ ಮೀಟರಿನ ಎರಡು ಸೀರೆ ಸೇರಿದರೆ ಹನ್ನೊಂದು, ಕಾಂಡದ ಸುತ್ತಳತೆಯೂ ಹೆಚ್ಚುಕಮ್ಮಿ ಅಷ್ಟೇ. 14 ಮಕ್ಕಳೂ ಒಳಗೆ ನಿಂತು ಇನ್ನೂ ಜಾಗ ಉಳಿಯುತ್ತದೆ. ಗಂಟಿಗೆ ಒಂದು ಮೊಳ ಹೋಗುತ್ತದೆ, ಸೆರಗಿನ ತುದಿಗೇ ಸಣ್ಣದಾಗಿ ಹಾಕಿ.

ನಾಟಿಂಗ್‌ಹ್ಯಾಮ್ ಕೋಟೆಗೆ ಹೋಗುವುದಾದರೆ ಮೊದಲೇ ಹೇಳಿಟ್ಟಿರಿ: ಕತೆಯಲ್ಲಿ ರಾಬಿನ್‌ನ ವೈರಿಯಾದ ಅಧಿಕಾರಿ ಶೆರಿಫನ ಕೋಟೆ ಈಗಿಲ್ಲ, ಅದನ್ನು 1651ರಲ್ಲಿ ಕೆಡವಿದರು. ಗುಡ್ಡದ ಮೇಲೆ ಕಾಣುವುದು ಆಮೇಲೆ ಕಟ್ಟಿದ ಬಂಗಲೆ. ಹೊರಗಿರುವ ರಾಬಿನ್ ವಿಗ್ರಹ 1952ರದು, ಜೇಮ್ಸ್ ವುಡ್‌ಫೋರ್ಡ್ ಮಾಡಿದ್ದು. ಅದರ ಬಾಣ ಎಷ್ಟೋ ಸಲ ಕಳುವಾಗಿದೆ, ಕಳ್ಳನಿಗೇ ಕನ್ನ.

ಇನ್ನು ರಾಬಿನ್‌ನನ್ನು ಕರೆಯುವ ‘ಔಟ್‌ಲಾ’ ಅನ್ನುವ ಪದಕ್ಕೆ ಕನ್ನಡದಲ್ಲಿ ‘ಕಾಡುಗಳ್ಳ’ ಅನ್ನಬೇಡಿ. ರಜೆಗೆ ಬಂದ ಅಜ್ಜ ಅಜ್ಜಿಗೆ ವೀರಪ್ಪನ್ ಕಣ್ಣ ಮುಂದೆ ಬರುತ್ತಾನೆ. ಅರ್ಥವೂ ಅದಲ್ಲ: ಕೋರ್ಟು ಮತ್ತೆ ಮತ್ತೆ ಕರೆದರೂ ಬಾರದವನನ್ನು ಕಾನೂನಿನ ರಕ್ಷಣೆಯಿಂದಲೇ ಹೊರಗೆ ಹಾಕುತ್ತಿದ್ದರು. ಆಟದಲ್ಲಿ ಔಟ್ ಆದವನನ್ನು ಗೆರೆಯಾಚೆ ನಿಲ್ಲಿಸಿದ ಹಾಗೆ ಅಂದರೆ ಮಕ್ಕಳಿಗೆ ಸಾಕು.

*

ಬ್ಯಾಲಡ್ ಅಂದಾಗ ಲಾವಣಿಯನ್ನೂ ನೆನೆಸಿಕೊಳ್ಳಬಹುದು. ಹಲಗಲಿ ಬೇಡರ ಹೆಸರು ಉಳಿದದ್ದೂ ಹೀಗೆ ಹಾಡಿನಲ್ಲೇ. ಬ್ಯಾಲಡ್ ಅಚ್ಚು ಸುಲಭ: ನಾಲ್ಕು ಸಾಲು, ಒಂದು ಮೂರು ಸಾಲಿಗೆ ನಾಲ್ಕು ಪೆಟ್ಟು, ಎರಡು ನಾಲ್ಕಕ್ಕೆ ಮೂರು, ಪ್ರಾಸ ಎರಡು ನಾಲ್ಕಕ್ಕೆ ಮಾತ್ರ. ತೊಡೆ ತಟ್ಟುತ್ತಾ ಹೇಳಿಸಿ:

ಕಟ್ಟಿಗೆ ಸೇತುವೆ, ನಡುವೆ ಇಬ್ಬರು,
ಯಾರೂ ಹಿಂದೆ ಸರಿಯರು;
ಧೊಪ್ಪನೆ ಬಿದ್ದ ರಾಬಿನ್ ನೀರಿಗೆ,
ದಡದಲಿ ಎಲ್ಲರು ನಕ್ಕರು!

ಮೂರನೇ ಸಾಲಿನಲ್ಲಿ ಸೇತುವೆ ಆಟದಲ್ಲಿ ಬಿದ್ದವರ ಹೆಸರು ಹಾಕಿಸಿ. ಹೆಸರು ಉದ್ದವಾದರೆ ತಾಳ ತಪ್ಪುತ್ತದೆ. ಮನೆಯಲ್ಲಿ ಕರೆಯುವ ಹೆಸರೇ ಬಳಸಿ.

*

ಇದೇ ಹಸಿರು ವೇಷ, ಮಕ್ಕಳು ಪುಸ್ತಕದ ಪಾತ್ರಗಳಾಗಿ ಶಾಲೆಗೆ ಹೋಗುವ ಮಾರ್ಚಿನ ವರ್ಲ್ಡ್ ಬುಕ್ ಡೇಗೂ ಆಗುತ್ತದೆ, ಅಕ್ಕ. ಆದರೆ ಬಿಲ್ಲುಬಾಣ ಬೇಡ ಅನ್ನುವ ಶಾಲೆಗಳಿವೆ, ಕೇಳಿಕೊಳ್ಳಿ. ಬದಲಿಗೆ ಸೊಂಟಕ್ಕೆ ಒಂದು ಕೊಂಬು ಸಿಗಿಸಿ: ಎ4 ದಪ್ಪ ಹಾಳೆಯನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ, ಚೂಪು ತುದಿಯನ್ನು ಎರಡು ಬೆರಳಗಲ ಕತ್ತರಿಸಿದರೆ ಆಯಿತು. ರಾಬಿನ್ ಕೊಂಬು ಊದಿದರೆ ತಂಡ ಓಡಿ ಬರುತ್ತಿತ್ತು. ಹಾಲ್‌ನಲ್ಲಿ ಚೆಲ್ಲಾಪಿಲ್ಲಿಯಾದ 14 ಮಕ್ಕಳನ್ನು ತಿಂಡಿಗೆ ಸೇರಿಸಲೂ ಮೂರು ಊದು ಸಾಕು, ಕೊಂಬು ಮಾತ್ರ ದೊಡ್ಡವರ ಕೈಯಲ್ಲಿರಲಿ.