ಆಫೀಸಿನಲ್ಲೂ ಕೋಡ್, ರೂಮಿಗೆ ಬಂದರೂ ಕೋಡ್: ಸ್ವಂತ ಪ್ರಾಜೆಕ್ಟ್ ಮುಗಿಸಿದವರು ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಊರು ಹಾಸನದ ಕಡೆ, ಎರಡು ವರ್ಷದಿಂದ ಬೆಂಗಳೂರಿನಲ್ಲಿ ವೆಬ್ ಡೆವಲಪರ್ ಆಗಿ ಕೆಲಸ ಮಾಡುತ್ತಿದ್ದೇನೆ. ಪಿಜಿಯಲ್ಲಿದ್ದೇನೆ. ಹಗಲೆಲ್ಲಾ ರಿಯಾಕ್ಟ್ (ವೆಬ್ ಪುಟ ಕಟ್ಟುವ ಒಂದು ಟೂಲ್), ರಾತ್ರಿ ಎಂಟಕ್ಕೆ ರೂಮು, ಊಟ ಮುಗಿಸಿ ಮತ್ತೆ ಅದೇ ಲ್ಯಾಪ್‌ಟಾಪ್ ತೆಗೆದು ಕೂರುತ್ತೇನೆ, ಯಾಕೆಂದರೆ ನನ್ನದೇ ಅಂತ ಏನಾದರೂ ಮಾಡಬೇಕು ಅನ್ನುವ ಆಸೆ ಕಾಲೇಜಿನಿಂದಲೂ ಇದೆ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ 14 ಪ್ರಾಜೆಕ್ಟ್ ಶುರು ಮಾಡಿದ್ದೇನೆ. ಒಂದೂ ಮುಗಿದಿಲ್ಲ. ಖರ್ಚಿನ ಲೆಕ್ಕದ ಆ್ಯಪ್, ಹವಾಮಾನದ ಪುಟ, ಅಡುಗೆ ರೆಸಿಪಿ ಸೈಟ್, ಎಲ್ಲವೂ ಲಾಗಿನ್ ಪೇಜ್ ಮಾಡುವಷ್ಟರಲ್ಲಿ ನಿಂತುಹೋಗುತ್ತವೆ. ನೀವು ಹೇಗೆ ಮುಗಿಸಿದಿರಿ? ಟೈಮ್ ಹೇಗೆ ಹೊಂದಿಸಿದಿರಿ? ಏನು ಮಾಡಿದಿರಿ ಅಂತ ಸ್ವಲ್ಪ ವಿವರವಾಗಿ ಹೇಳಿದರೆ ಉಪಕಾರ ಆಗುತ್ತದೆ.

—

ತಂಗಿ, ನಾನು ಮಂಡ್ಯ ಕಡೆಯವನು. ನಾನು ಮುಗಿಸಿದ್ದು ಒಂದೇ ಒಂದು, ಅದರ ಕಥೆ ಪೂರ್ತಿ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಮೂರು ಹಸು. ಅವ್ವ ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕುತ್ತಾಳೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು ಬಂತು ಅನ್ನುವುದನ್ನು ಅಡುಗೆಮನೆ ಕ್ಯಾಲೆಂಡರಿನ ಚೌಕದಲ್ಲೇ ಬರೆದಿಡುತ್ತಿದ್ದಳು. ಬಟವಾಡೆ ದಿನ ಅದನ್ನು ಕೂಡಿಸಿ, ಹಿಂಡಿ ಬೂಸಾಕ್ಕೆ ಹಿಡಿದುಕೊಂಡದ್ದನ್ನು ಕಳೆದು, ಬಂದ ದುಡ್ಡಿಗೆ ತಾಳೆ ನೋಡುವುದು. ಸರ್ಕಾರದ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬರುತ್ತದಲ್ಲ, ಅದು ಯಾವ ತಿಂಗಳದ್ದು ಅಂತ ಗೊತ್ತಾಗದೆ ಪ್ರತಿ ಸಲ ನನಗೆ ಫೋನ್ ಮಾಡುತ್ತಿದ್ದಳು. ಇದಕ್ಕೊಂದು ಆ್ಯಪ್ ಮಾಡೋಣ ಅಂದುಕೊಂಡೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಹಾಗೆ. ರಿಯಾಕ್ಟ್, ಲಾಗಿನ್, ಡೇಟಾಬೇಸ್, ಬಣ್ಣದ ಗ್ರಾಫ್. ಎರಡು ತಿಂಗಳು ಹಿಡಿಯಿತು. ಅವ್ವ ಎರಡು ಸಲ ತೆರೆದಳು, ಆಮೇಲೆ ಮತ್ತೆ ಕ್ಯಾಲೆಂಡರ್. ನನಗೆ ತುಂಬಾ ಬೇಜಾರಾಯಿತು. ದೀಪಾವಳಿಗೆ ಊರಿಗೆ ಹೋದಾಗ ಏನೂ ಮಾತಾಡದೆ ಸುಮ್ನೆ ನಾಲ್ಕು ದಿನ ನೋಡಿದೆ. ಹಾಲು ಕರೆದು ಬಂದಾಗ ಅವಳ ಕೈ ಒದ್ದೆ ಇರುತ್ತದೆ. ಒದ್ದೆ ಕೈಗೆ ಫೋನಿನ ಸ್ಕ್ರೀನ್ ಸರಿಯಾಗಿ ಓಡುವುದಿಲ್ಲ. ಡೈರಿಯಲ್ಲಿ ಕೊಟ್ಟ ಚೀಟಿಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸುತ್ತಾಳೆ. ರಾತ್ರಿ ಊಟ ಆದಮೇಲೆ ಮೂರ್ನಾಲ್ಕು ದಿನದ್ದು ಒಟ್ಟಿಗೆ ಬರೆಯುತ್ತಾಳೆ. ನನ್ನ ಆ್ಯಪ್ ಇವತ್ತಿನ ದಿನಾಂಕ ಮಾತ್ರ ಮುಂದೆ ಇಟ್ಟು, ನಿನ್ನೆಯದನ್ನು ತುಂಬಬೇಕಾದರೆ ನಾಲ್ಕು ಕಡೆ ಒತ್ತಿಸುತ್ತಿತ್ತು.

ಆ ನಾಲ್ಕು ದಿನ ಬಿಟ್ಟರೆ ನನಗೆ ಬೇರೆ ಯಾವ ಗುರುವೂ ಇರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಎಲ್ಲವನ್ನೂ ಅಳಿಸಿ ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿ ಬರೆದೆ. ತಿಂಗಳಿನ ಕ್ಯಾಲೆಂಡರ್, ಪ್ರತಿ ಚೌಕದಲ್ಲಿ ಎರಡು ಸಾಲು, ಮೇಲಿನದು ಬೆಳಿಗ್ಗೆ, ಕೆಳಗಿನದು ಸಂಜೆ. ಲಾಗಿನ್ ಇಲ್ಲ, ಸರ್ವರ್ ಇಲ್ಲ, ಎಲ್ಲಾ ಅವ್ವನ ಫೋನಿನ ಬ್ರೌಸರಿನಲ್ಲೇ ಉಳಿಯುತ್ತದೆ. ಚೌಕ ಒತ್ತಿದರೆ ನೇರವಾಗಿ ಅಂಕಿಗಳ ಕೀಲಿಮಣೆ ಬರುವ ಹಾಗೆ ಮಾಡಿದೆ, ಇನ್‌ಪುಟ್‌ಮೋಡ್ ಡೆಸಿಮಲ್ ಅಂತ ಕೊಟ್ಟರೆ ಸಾಕು. ಮೂರು ಶನಿವಾರದಲ್ಲಿ ಮುಗಿಯಿತು. ಪುಟ ಗಿಟ್‌ಹಬ್‌ನವರೇ ಪುಟ ಇಡಲು ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿದೆ, ಒಂದು ರೂಪಾಯಿ ಖರ್ಚಿಲ್ಲ.

ಎರಡು ಎಚ್ಚರಿಕೆ. ಲೀಟರ್ ಲೆಕ್ಕವನ್ನು ದಶಮಾಂಶದಲ್ಲೇ ಕೂಡಿಸಬೇಡಿ. ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ ಅಂತ ನಿಮಗೂ ಗೊತ್ತಿರುತ್ತದೆ. ನಾನು ಎಲ್ಲವನ್ನೂ ಮಿಲಿಲೀಟರ್ ಮಾಡಿ ಪೂರ್ಣ ಸಂಖ್ಯೆಯಲ್ಲಿ ಇಡುತ್ತೇನೆ, ತೋರಿಸುವಾಗ ಮಾತ್ರ ಲೀಟರ್. ಇನ್ನೊಂದು, ಬ್ರೌಸರಿನಲ್ಲಿ ಇಟ್ಟದ್ದು ಶಾಶ್ವತ ಅಲ್ಲ. ಅಕ್ಕನ ಮಗ ಫೋನಿನಲ್ಲಿ ಜಾಗ ಖಾಲಿ ಮಾಡಲು ಹೋಗಿ ಎರಡು ತಿಂಗಳ ಲೆಕ್ಕ ಹೋಯಿತು. ಅವ್ವ ಒಂದು ಮಾತೂ ಬಯ್ಯಲಿಲ್ಲ, ಕ್ಯಾಲೆಂಡರಿನಲ್ಲೂ ಬರೆದಿಟ್ಟಿದ್ದಳು. ಅವತ್ತೇ ರಾತ್ರಿ ಒಂದು ಬಟನ್ ಸೇರಿಸಿದೆ: ಒತ್ತಿದರೆ ತಿಂಗಳ ಲೆಕ್ಕವೆಲ್ಲಾ ಒಂದು ಫೈಲಾಗಿ ವಾಟ್ಸ್ಆ್ಯಪ್‌ನಲ್ಲಿ ನನಗೆ ಬರುತ್ತದೆ. ಈಗ ಪ್ರತಿ ಬಟವಾಡೆಗೆ ಬರುತ್ತದೆ. ಪಕ್ಕದ ಮನೆಯ ಚಿಕ್ಕಮ್ಮನೂ ಹಾಕಿಸಿಕೊಂಡಿದ್ದಾರೆ.

—

ಮೇಲಿನವರು ಹೇಳಿದ್ದು ಸರಿ, ಆದರೆ ಎಲ್ಲವೂ ಯಾರಿಗಾದರೂ ಉಪಯೋಗ ಆಗಲೇಬೇಕು ಅಂತ ಏನೂ ಇಲ್ಲ ಮಾರಾಯ್ರೆ. ನಾನು ಮಂಗಳೂರಿನಲ್ಲಿ ಕೂತು ಭಾನುವಾರ ಭಾನುವಾರ ಕನ್ನಡ ಅಕ್ಷರಗಳ ಜೊತೆ ಸಿಎಸ್‌ಎಸ್ (ಪುಟದ ಅಂದಚೆಂದ ಹೊಂದಿಸುವ ಭಾಷೆ) ಆಟ ಆಡುತ್ತೇನೆ. ಬಾಲೂ ತಮ್ಮ, ಬೆಣ್ಣೆ, ಹುಬ್ಬಳ್ಳಿ, ನೋಟೋ ಸಾನ್ಸ್ ಕನ್ನಡ, ಈ ಫಾಂಟ್‌ಗಳೆಲ್ಲಾ ಉಚಿತವಾಗಿ ಸಿಗುತ್ತವೆ. ಒಂದೊಂದರಲ್ಲಿ ಒಂದು ಪೋಸ್ಟರ್ ಮಾಡಿ ನೋಡಿ. ಇಂಗ್ಲಿಷಿಗೆ ಹೊಂದುವ 1.2 ಲೈನ್ ಹೈಟ್ (ಒಂದು ಸಾಲಿಗೆ ಬಿಡುವ ಎತ್ತರ) ಕೊಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ತಲಕಟ್ಟುಗಳಿಗೆ ತಾಗುತ್ತದೆ, ಬಟನ್ ಒಳಗೆ ಹಾಕಿದರೆ "ಸ್ತ್ರೀ"ಯ ಕೆಳಭಾಗವೇ ಕತ್ತರಿಸಿ ಹೋಗುತ್ತದೆ. ನಾನು 1.6ಕ್ಕಿಂತ ಕಡಿಮೆ ಇಡುವುದಿಲ್ಲ. ಇದು ಯಾವ ಕೋರ್ಸಿನಲ್ಲೂ ಹೇಳಿಕೊಟ್ಟದ್ದಲ್ಲ, ಆಡುತ್ತಾ ಆಡುತ್ತಾ ಕಂಡದ್ದು. ಆಮೇಲೆ ಆಫೀಸಿನಲ್ಲಿ ಕನ್ನಡ ಪುಟ ಮಾಡುವ ಕೆಲಸ ಬಂದಾಗ ನನ್ನನ್ನೇ ಕರೆದರು. ಮುಗಿಯದ 14 ಪ್ರಾಜೆಕ್ಟ್‌ಗೆ ಬೇಜಾರು ಮಾಡಿಕೊಳ್ಳಬೇಡಿ, ಕಲಿತದ್ದು ಕೈಯಲ್ಲೇ ಇರುತ್ತದೆ ಅಲ್ವಾ.

—

ನಾನು ಪದಬಂಧ ಹುಚ್ಚಿ. ಮೈಸೂರು. ಅಪ್ಪ ದಿನಾ ಪೇಪರಿನ ಪದಬಂಧ ತುಂಬಿಸುತ್ತಿದ್ದರು, ಅವರ ಪಕ್ಕ ಕೂತು ಕಲಿತದ್ದು. ಫೋನಿನಲ್ಲಿ ಆಡುವಂಥದ್ದು ಮಾಡಲು ಹೋಗಿ ಮೊದಲ ದಿನವೇ ಸಿಕ್ಕಿಬಿದ್ದೆ. ಅದನ್ನು ಹೇಳುತ್ತೇನೆ, ಕನ್ನಡದಲ್ಲಿ ಏನೇ ಮಾಡಿದರೂ ಇದು ಎದುರಾಗುತ್ತದೆ.

"ಕನ್ನಡ" ಅಂದರೆ ಪದಬಂಧದಲ್ಲಿ ಮೂರು ಮನೆ: ಕ, ನ್ನ, ಡ. ಜಾವಾಸ್ಕ್ರಿಪ್ಟ್‌ಗೆ ಉದ್ದ ಕೇಳಿದರೆ 5 ಅನ್ನುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್‌ನಲ್ಲಿ ಆ ಪದ ಕ, ನ, ಹಲಂತದ ಗುರುತು, ಮತ್ತೆ ನ, ಡ ಅಂತ ಐದು ತುಂಡಾಗಿ ಕೂತಿರುತ್ತದೆ. ಅಕ್ಷರ ಒಡೆಯಲು ಬ್ರೌಸರಿನಲ್ಲೇ ಇಂಟ್ಲ್ ಸೆಗ್ಮೆಂಟರ್ ಅಂತ ಇದೆಯಲ್ಲ, ಅದರಿಂದ ಕೆಲಸ ಆಗಬಹುದು ಅಂತ ಹಾಕಿದೆ. ನನಗೆ 4 ಬಂತು: ಕ, ನ್, ನ, ಡ. ಒತ್ತಕ್ಷರವನ್ನು ಅದು ಮಧ್ಯದಲ್ಲೇ ಮುರಿಯುತ್ತಿತ್ತು. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಹೊಳೆದದ್ದು ಸಣ್ಣ ಉಪಾಯ: ಯಾವ ತುಂಡು ಹಲಂತದಲ್ಲಿ ಮುಗಿಯುತ್ತದೋ ಅದನ್ನು ಮುಂದಿನ ತುಂಡಿಗೆ ಅಂಟಿಸು, ಮುಂದೆ ಏನೂ ಇಲ್ಲದಿದ್ದರೆ ("ಬಸ್" ಥರ) ಹಾಗೇ ಬಿಡು. ಹತ್ತು ಸಾಲಿನ ಕೋಡ್. ಮೂರು ಮನೆ ಸರಿಯಾಗಿ ಕಂಡ ದಿನ ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಅವರಿಗೆ ಕೋಡ್ ಅರ್ಥವಾಗಲಿಲ್ಲ, ಖುಷಿ ಅರ್ಥವಾಯಿತು.

ಇನ್ನೊಂದು ಸೂಕ್ಷ್ಮ. "ಕೊ" ಅನ್ನುವ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ಥರ ಬರೆಯಬಹುದು, ಒತ್ವ ಒಂದೇ ಗುರುತಾಗಿ, ಇಲ್ಲವೇ ಎತ್ವ ಮತ್ತು ಊತ್ವ ಎರಡು ಗುರುತಾಗಿ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಆಟಗಾರರು ಸರಿಯಾದ ಉತ್ತರ ಹಾಕಿದರೂ ತಪ್ಪು ಅಂತ ಬರುತ್ತಿತ್ತು. ಹೋಲಿಸುವ ಮೊದಲು ಎರಡೂ ಕಡೆಗೆ ನಾರ್ಮಲೈಸ್ ಎನ್‌ಎಫ್‌ಸಿ (ಎರಡನ್ನೂ ಒಂದೇ ರೂಪಕ್ಕೆ ತರುವ ಆಜ್ಞೆ) ಹಾಕಿ, ತೊಂದರೆ ಇರುವುದಿಲ್ಲ. ಪದಗಳಿಗೆ ವಿ. ಕೃಷ್ಣ ಅವರ ಅಲರ್ ನಿಘಂಟು ನೋಡಿ. ಒಂದೂವರೆ ಲಕ್ಷಕ್ಕೂ ಜಾಸ್ತಿ ಪದಗಳು, 2019ರಿಂದ ಮುಕ್ತ ಪರವಾನಗಿಯಲ್ಲಿ ಡೌನ್‌ಲೋಡ್ ಮಾಡಲು ಸಿಗುತ್ತದೆ. ಒಬ್ಬರು ಎಷ್ಟೋ ವರ್ಷ ಕೂತು ಮಾಡಿದ ಕೆಲಸ ಅದು, ಹೆಸರು ಹಾಕಿ ಬಳಸಿ.

ಟೈಮ್ ವಿಷಯ: ನಾನು ವಾರದ ದಿನ ರಾತ್ರಿ ಕೋಡ್ ಬರೆಯುವುದಿಲ್ಲ. ಮಂಗಳವಾರ, ಗುರುವಾರ ಬೆಳಿಗ್ಗೆ ಆರರಿಂದ ಏಳು ಅಷ್ಟೆ. ನಿಲ್ಲಿಸುವಾಗ ಮುಂದಿನ ಸಲ ಏನು ಮಾಡಬೇಕು ಅಂತ ಫೈಲಿನ ತಲೆಯಲ್ಲೇ ಕನ್ನಡದಲ್ಲಿ ಒಂದು ಸಾಲು ಬರೆದಿಡುತ್ತೇನೆ. ಅದಿಲ್ಲದಿದ್ದರೆ ಆ ಒಂದು ಗಂಟೆಯಲ್ಲಿ ಅರ್ಧ "ಎಲ್ಲಿದ್ದೆ" ಅಂತ ಹುಡುಕುವುದಕ್ಕೇ ಹೋಗುತ್ತದೆ.

—

ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಯಾರೂ ಹೇಳದ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಆಫರ್ ಲೆಟರ್ ತೆಗೆದು ಇವತ್ತೇ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೃತಿಯ ಹಕ್ಕು ಕಂಪನಿಯದು. ಹೊರಗೆ ನಿಮ್ಮ ಸ್ವಂತ ಸಮಯದಲ್ಲಿ ಮಾಡಿದ್ದು ಬೇರೆ. ಆದರೆ ಕೆಲವು ಒಪ್ಪಂದಗಳಲ್ಲಿ ಇದನ್ನು ಇನ್ನೂ ಅಗಲವಾಗಿ ಬರೆದಿರುತ್ತಾರೆ. ನಾನು ಮೊದಲು ಇದ್ದ ಕಡೆ ಹಾಗೇ ಇತ್ತು. ಆಫೀಸ್ ಲ್ಯಾಪ್‌ಟಾಪಿನಲ್ಲಿ ಬರೆದ ನನ್ನದೊಂದು ಸಣ್ಣ ಟೂಲ್ ಬಿಟ್ಟುಕೊಟ್ಟು ಬರಬೇಕಾಯಿತು. ಈಗಲೂ ನೆನೆಸಿಕೊಂಡರೆ ನೋವಾಗುತ್ತದೆ. ಆದ್ದರಿಂದ ಸ್ವಂತ ಲ್ಯಾಪ್‌ಟಾಪ್, ಸ್ವಂತ ಮೇಲ್, ಸ್ವಂತ ಗಿಟ್‌ಹಬ್ ಖಾತೆ. ಹಳೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಆದರೂ ಪರವಾಗಿಲ್ಲ. ಒಪ್ಪಂದದ ಮಾತು ಅರ್ಥವಾಗದಿದ್ದರೆ ಎಚ್‌ಆರ್‌ಗೆ ಮೇಲ್ ಮಾಡಿ ಕೇಳಿ, ಉತ್ತರ ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ) ಯಾವತ್ತೂ ಕೋಡ್ ಒಳಗೆ ಬರೆದು ಗಿಟ್‌ಹಬ್‌ಗೆ ಹಾಕಬೇಡಿ. ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ (ಹಿಂದೆ ಉಳಿಸಿದ ಪ್ರತಿಗಳಲ್ಲಿ) ಅದು ಉಳಿದೇ ಇರುತ್ತದೆ. ಹಾಕಿಬಿಟ್ಟಿದ್ದರೆ ಅಳಿಸುತ್ತಾ ಕೂರದೆ ಮೊದಲು ಆ ಕೀ ರದ್ದು ಮಾಡಿಸಿ. ನನ್ನ ಗೆಳೆಯನ ಕೀ ಹೀಗೆ ಯಾರೋ ಬಳಸಿಕೊಂಡು ಅವನಿಗೆ ಒಂದು ರಾತ್ರಿಯಲ್ಲಿ ಸಂಬಳಕ್ಕಿಂತ ಜಾಸ್ತಿ ಕ್ಲೌಡ್ ಬಿಲ್ ಬಂದಿತ್ತು, ಕೈಕಾಲು ಹಿಡಿದು ಮನ್ನಾ ಮಾಡಿಸಿಕೊಂಡ.

—

ನಾನು ಉಲ್ಟಾ ಹೇಳುತ್ತೇನೆ, ಸಿಟ್ಟಾಗಬೇಡಿ. ನನಗೆ 26, ಧಾರವಾಡದ ಹುಡುಗ. ಕಳೆದ ವರ್ಷ ಬಲಗೈ ಮಣಿಕಟ್ಟು ನೋವು ಶುರುವಾಗಿ ಚಹಾ ಲೋಟ ಎತ್ತುವುದೂ ಕಷ್ಟ ಆಯಿತು. ಡಾಕ್ಟರ್ ಕೇಳಿದ್ದು ಒಂದೇ, ದಿನಕ್ಕೆ ಎಷ್ಟು ತಾಸು ಟೈಪ್ ಮಾಡುತ್ತೀರಿ ಅಂತ. ಲೆಕ್ಕ ಹಾಕಿದರೆ 13 ತಾಸು. ಮೂರು ತಿಂಗಳು ಮನೆಯ ಪ್ರಾಜೆಕ್ಟ್ ಪೂರ್ತಿ ಬಿಟ್ಟೆ. ಸಂಜೆ ಕೆಲಗೇರಿ ಕೆರೆ ಸುತ್ತ ನಡೆಯಲು ಹೋಗುತ್ತಿದ್ದೆ. ಈಗ ಮತ್ತೆ ಶುರು ಮಾಡಿದ್ದೇನೆ, ಶನಿವಾರ ಮಾತ್ರ. ನೀವು ಎಂಟಕ್ಕೆ ಬಂದು ಮತ್ತೆ ಲ್ಯಾಪ್‌ಟಾಪ್ ತೆಗೆಯುತ್ತೇನೆ ಅಂದಿರಲ್ಲ, ಅದನ್ನು ಓದಿದ ತಕ್ಷಣ ಇದನ್ನು ಬರೆಯಬೇಕು ಅನ್ನಿಸಿತು. ಪಿಜಿಯ ಮಂಚದ ಮೇಲೆ ಕೂತು ಕೋಡ್ ಮಾಡಬೇಡಿ ಅಕ್ಕಾರ, ಒಂದು ಸಣ್ಣ ಮೇಜು ತಗೊಳ್ಳಿ.

—

ಕೇಳಿದವಳು ನಾನೇ. ಎಲ್ಲರದ್ದೂ ಎರಡೆರಡು ಸಲ ಓದಿದೆ, ತುಂಬಾ ಥ್ಯಾಂಕ್ಸ್. ಆಫರ್ ಲೆಟರ್ ಹುಡುಕಿ ಓದಿದೆ, ಒಂದು ಸಾಲು ಅರ್ಥವಾಗಲಿಲ್ಲ, ಮೇಲ್ ಹಾಕಿದ್ದೇನೆ. ಮಂಡ್ಯದ ಅಣ್ಣ ಬರೆದದ್ದು ಓದುವಾಗ ನನಗೆ ದೊಡ್ಡಪ್ಪನ ಹೋಟೆಲ್ ಕಣ್ಣಮುಂದೆ ಬಂತು. ನಮ್ಮೂರ ಬಸ್ ನಿಲ್ದಾಣದ ಎದುರಿಗಿದೆ. ಹಾಸನಕ್ಕೆ ಬಸ್ ಎಷ್ಟು ಹೊತ್ತಿಗೆ, ಸಕಲೇಶಪುರದ ಕಡೆಗೆ ಕೊನೆ ಬಸ್ ಯಾವಾಗ ಅಂತ ಜನ ದಿನವಿಡೀ ದೊಡ್ಡಪ್ಪನನ್ನೇ ಕೇಳುತ್ತಾರೆ. ಅವರು ಒಂದು ರಟ್ಟಿನ ಮೇಲೆ ಟೈಮ್ ಎಲ್ಲಾ ಬರೆದು ಗಲ್ಲಾ ಪಕ್ಕ ನೇತು ಹಾಕಿದ್ದಾರೆ. ಅದನ್ನೇ ಒಂದು ಪುಟ ಮಾಡುತ್ತೇನೆ, ಲಾಗಿನ್ ಇಲ್ಲದೆ. ಒಂದೇ ಅನುಮಾನ, ಬಸ್ ಟೈಮ್ ಬದಲಾದರೆ ತಿದ್ದುವುದು ಯಾರು? ನಾನು ಬೆಂಗಳೂರಿನಲ್ಲಿ ಇರುತ್ತೇನೆ, ದೊಡ್ಡಪ್ಪನಿಗೆ ಕೋಡ್ ಬರುವುದಿಲ್ಲ.

—

ಮಂಡ್ಯದವನೇ. ಟೈಮ್‌ಗಳನ್ನು ಗೂಗಲ್ ಶೀಟಿನಲ್ಲಿ ಇಡಿ ತಂಗಿ, ಅದನ್ನು ವೆಬ್‌ಗೆ ಪ್ರಕಟಿಸಿದರೆ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ಆಗಿ ಸಿಗುತ್ತದೆ, ನಿಮ್ಮ ಪುಟ ಅದನ್ನು ಓದಿಕೊಳ್ಳಲಿ. ದೊಡ್ಡಪ್ಪ ಫೋನಿನಲ್ಲಿ ಶೀಟ್ ತೆರೆದು ಒಂದು ಚೌಕ ತಿದ್ದಿದರೆ ಸ್ವಲ್ಪ ಹೊತ್ತಿನಲ್ಲಿ ಪುಟದಲ್ಲೂ ಬದಲಾಗುತ್ತದೆ. ಶೀಟಿನಲ್ಲಿ ಫೋನ್ ನಂಬರ್, ಹೆಸರು ಏನೂ ಹಾಕಬೇಡಿ, ಪ್ರಕಟಿಸಿದ್ದು ಯಾರಿಗೆ ಬೇಕಾದರೂ ಕಾಣುತ್ತದೆ. ನೆಟ್‌ವರ್ಕ್ ಇಲ್ಲದಾಗ ಕಾಣಲು ಕೊನೆಗೆ ಓದಿದ ಪಟ್ಟಿಯನ್ನು ಫೋನಿನಲ್ಲೇ ಉಳಿಸಿ, ಜೊತೆಗೆ ಅದು ಯಾವ ದಿನದ್ದು ಅಂತಲೂ ತೋರಿಸಿ. ಊರಿಗೆ ಹೋದಾಗ ರಟ್ಟಿನ ಫೋಟೋ ತೆಗೆಯುತ್ತೀರಲ್ಲ, ತಿರುಗಿಸಿ ಹಿಂಬದಿಯನ್ನೂ ತೆಗೆಯಿರಿ. ಭಾನುವಾರ ಓಡದ ಬಸ್ಸು, ಜಾತ್ರೆಗೆ ಬಿಡುವ ಬಸ್ಸು, ಇಂಥದ್ದನ್ನೆಲ್ಲಾ ಹಿಂದೆ ಬರೆದಿಟ್ಟಿರುತ್ತಾರೆ.