ಶ್ರೀಧರನಿಗೆ, ಮೊದಲ ಮೀಟಿಂಗಿಗೆ ಹೋಗುವ ಮುನ್ನ

ಶ್ರೀಧರ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡುವಾಗ ವೈದ್ಯರು ಎ.ಎ., ಅಂದರೆ ಕುಡಿತ ಬಿಡಬಯಸುವವರು ಒಟ್ಟಿಗೆ ಸೇರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಮೀಟಿಂಗಿಗೆ ಹೋಗಲು ಹೇಳಿದ್ದಾರೆಂದೂ, ಬೆಂಗಳೂರಿನಲ್ಲಿ ಅದನ್ನು ಎಲ್ಲಿ ಹುಡುಕುವುದು, ಅಲ್ಲಿ ಪರಿಚಯದವರು ಯಾರಾದರೂ ಸಿಕ್ಕಿಬಿಟ್ಟರೆ ಏನು ಗತಿ ಎಂದೂ ನಿನ್ನೆ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದೀಯ. ಅದರ ಕೆಳಗೆ ಮನೆಯವರು ತಲೆಗೊಂದು ಸಲಹೆ ಕೊಟ್ಟಿರುವುದರಿಂದ, ನಿನಗೊಬ್ಬನಿಗೇ ಹೇಳುವ ಬದಲು ಎಲ್ಲರೂ ಕೇಳುವಂತೆ ಇಲ್ಲೇ ಉತ್ತರಿಸುತ್ತಿದ್ದೇನೆ. ನಿನ್ನ ದೊಡ್ಡಪ್ಪನಾದ ನಾನು ಬಹಳ ವರ್ಷಗಳಿಂದ ಈ ಮೀಟಿಂಗುಗಳಿಗೆ ಹೋಗುತ್ತಿರುವುದು ಇಲ್ಲಿ ಯಾರಿಗೂ ಹೊಸ ವಿಷಯವಲ್ಲ. ಸ್ವಲ್ಪ ಉದ್ದವಾದೀತು, ಸಾವಧಾನವಾಗಿ ಕೇಳು.

ಮೀಟಿಂಗ್ ಹುಡುಕುವುದು ಕಷ್ಟವಲ್ಲ. ಭಾರತದ ಎ.ಎ. ಜಾಲತಾಣದಲ್ಲಿ ಊರಿನ ಪ್ರಕಾರ ಗುಂಪುಗಳ ವಿವರವೂ ಸಹಾಯವಾಣಿಯ ಸಂಖ್ಯೆಯೂ ಇವೆ. ಫೋನ್ ಮಾಡಿ, ಮೀಟಿಂಗ್ ಕನ್ನಡದಲ್ಲಿ ನಡೆಯುತ್ತದೆಯೇ, ದಿನ ಮತ್ತು ಹೊತ್ತು ಈಗಲೂ ಅದೇ ಇದೆಯೇ ಎಂದು ಕೇಳಿಕೊಂಡೇ ಹೊರಡು. ಗುಂಪು ಚರ್ಚಿನ ಆವರಣದಲ್ಲೋ ಶಾಲೆಯ ಕೊಠಡಿಯಲ್ಲೋ ಸೇರಬಹುದು. ಜಾಗ ಅವರದು ಎಂದ ಮಾತ್ರಕ್ಕೆ ಗುಂಪು ಆ ಮತಕ್ಕೆ ಸೇರಿದ್ದಲ್ಲ. ವ್ಯಸನದ ಬಗ್ಗೆ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ರಾತ್ರಿ ಹೊತ್ತು ಮನಸ್ಸು ಕದಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಒಳಗೆ ಏನಾಗುತ್ತದೆ ಎಂಬ ನಿನ್ನ ಭಯಕ್ಕೆ ಬರುತ್ತೇನೆ. ಬಾಗಿಲಲ್ಲಿ ಹಾಜರಿ ಪುಸ್ತಕವಿರುವುದಿಲ್ಲ, ಶುಲ್ಕವಿರುವುದಿಲ್ಲ, ಆಧಾರ್ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ನಾನು ಹೋಗುವ ಗುಂಪಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತಲೂ ಹಾಕಿರುತ್ತಾರೆ, ಮೊದಲು ಬಂದವರು ಚಹಾ ಹಂಚುತ್ತಾರೆ. ಚಿಕ್ಕದೊಂದು ಪ್ರಾರ್ಥನೆಯಾದ ಮೇಲೆ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ತಾನೊಬ್ಬ ಆಲ್ಕೋಹಾಲಿಕ್ ಎಂದು ಹೇಳಿ, ತಮ್ಮ ಪಾಡನ್ನು ತಾವು ಹೇಳಿಕೊಳ್ಳುತ್ತಾರೆ. ಒಬ್ಬರು ಮಾತಾಡುವಾಗ ಮತ್ತೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಮುಗಿದ ಮೇಲೆ ಬುದ್ಧಿವಾದವನ್ನೂ ಹೇಳುವುದಿಲ್ಲ. ನಿನ್ನ ಸರದಿ ಬಂದಾಗ, ಇವತ್ತು ಕೇಳುತ್ತೇನೆ ಎಂದಷ್ಟೇ ಹೇಳಿದರೆ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಕೊನೆಯಲ್ಲಿ ಖರ್ಚಿಗೆಂದು ಒಂದು ಚೀಲ ಕೈಯಿಂದ ಕೈಗೆ ಬರುತ್ತದೆ. ಹೊಸಬರು ಹಣ ಹಾಕಲೇಬೇಕೆಂದಿಲ್ಲ. ಹೊರಗೆ ಬಂದ ಮೇಲೆ ಇಬ್ಬರು ಮೂವರು ತಮ್ಮ ನಂಬರ್ ಕೊಡುತ್ತಾರೆ, ತಪ್ಪದೆ ತೆಗೆದುಕೋ, ಯಾಕೆಂದರೆ ಮುಂದಿನ ದಿನಗಳಲ್ಲಿ ಸಂಜೆ ಏಳರ ಹೊತ್ತಿಗೆ ಕೈಕಾಲು ನಿಲ್ಲದಂತಾದಾಗ ನಮ್ಮೆಲ್ಲರಿಗಿಂತ ಆ ನಂಬರುಗಳೇ ನಿನಗೆ ಹೆಚ್ಚು ಆಸರೆಯಾಗುತ್ತವೆ. ಪರಿಚಯದವರು ಸಿಕ್ಕರೆ ಅವರೂ ಇದೇ ಕಷ್ಟಕ್ಕೆ ಬಂದಿರುತ್ತಾರೆ, ಅಲ್ಲಿ ಕಂಡವರ ಹೆಸರನ್ನು ಹೊರಗೆ ಆಡಬಾರದೆಂಬ ಕಟ್ಟುನಿಟ್ಟು ಅವರಿಗೂ ಇದೆ.

ಮನಸ್ಸು ಗಟ್ಟಿಯಿದ್ದರೆ ಸಾಕು, ಕೂತು ಮಾತಾಡಿದರೆ ಕುಡಿತ ಬಿಡುತ್ತದೆಯೇ ಎಂದು ರಾಮಣ್ಣ ಕೇಳಿದ್ದಾನೆ. ಎ.ಎ. ಶುರುವಾದದ್ದೇ ಹಾಗೆ ಕೂತು ಮಾತಾಡಿ, ರಾಮಣ್ಣ. 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ, ಕುಡಿತ ನಿಲ್ಲಿಸಿ ಕೆಲವೇ ತಿಂಗಳಾಗಿದ್ದ ಒಬ್ಬ ಷೇರು ವ್ಯವಹಾರದವನು, ಕುಡಿತ ಬಿಡಲಾಗದೆ ಒದ್ದಾಡುತ್ತಿದ್ದ ಒಬ್ಬ ಶಸ್ತ್ರವೈದ್ಯನ ಜೊತೆ ಕೂತು ಮಾತಾಡಿದ. ಆ ವೈದ್ಯನಿಗೆ ವಿದ್ಯೆಯ ಕೊರತೆಯಿರಲಿಲ್ಲ. ಇಲ್ಲದಿದ್ದದ್ದು ತನ್ನಂಥದೇ ಪಾಡು ಪಟ್ಟವನೊಬ್ಬನ ಮಾತು. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಕುಡಿತವನ್ನು ಪೂರ್ತಿ ಬಿಟ್ಟಿರುವ ವಿಷಯದಲ್ಲಿ, ಎ.ಎ.ಗೆ ಜೋಡಿಸುವ ವ್ಯವಸ್ಥಿತ ಚಿಕಿತ್ಸೆಯು ಬೇರೆ ಮನೋಚಿಕಿತ್ಸೆಗಳಿಗಿಂತ ಉತ್ತಮ ಫಲ ನೀಡಿದ್ದು ಕಂಡುಬಂದಿತು.

ಚಿಕ್ಕಮ್ಮ, ಕಾಫಿಯಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿಯ ಬಗ್ಗೆ ನೀವು ಬರೆದದ್ದು ಪ್ರೀತಿಯಿಂದಲೇ ಎಂದು ಬಲ್ಲೆ, ಆದರೂ ಕೈಮುಗಿದು ಕೇಳುತ್ತೇನೆ, ಅದನ್ನು ಮಾಡಬೇಡಿ. ಅಂಥ ಪುಡಿಯಲ್ಲಿ ಏನಿದೆಯೋ ನಮಗೆ ತಿಳಿಯದು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಔಷಧಿ ಇದ್ದರಂತೂ, ಅದು ದೇಹದಲ್ಲಿರುವಾಗ ಮದ್ಯ ಸೇರಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಆ ಮಾತ್ರೆಯನ್ನು ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರೇ ಕೊಡಬೇಕು.

ಶ್ರೀಧರ, ಮೀಟಿಂಗಿಗೆ ಹೋಗುತ್ತಿದ್ದೇನೆಂದು ವೈದ್ಯರು ಬರೆದ ಔಷಧಿಯನ್ನು ನಿಲ್ಲಿಸಬೇಡ. ನಡುವೆ ಎಡವಿ ಕೆಲವು ದಿನ ಕುಡಿತ ಮುಂದುವರಿದರೆ, ಮನೆಯಲ್ಲೇ ಒಮ್ಮೆಲೇ ನಿಲ್ಲಿಸುವ ಸಾಹಸವನ್ನೂ ಮಾಡಬೇಡ. ನಿಲ್ಲಿಸಿದ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು. ನೇರವಾಗಿ ಆಸ್ಪತ್ರೆಗೆ ಹೋಗು. ಎಡವಿದ್ದಕ್ಕೆ ಗುಂಪಿನವರು ಬಾಗಿಲು ಹಾಕುವುದಿಲ್ಲ, ಆ ವಾರವೇ ಮತ್ತೆ ಹೋಗಿ ಕೂರು. ಊರಿನಲ್ಲಿರುವಾಗ ಎ.ಎ. ದೂರವಾದರೆ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿ ಹತ್ತಿರದಲ್ಲಿದೆಯೇ ಎಂದು ವಿಚಾರಿಸು.

ವೀಣಾ, ನೀನೂ ಇದನ್ನು ಕೇಳುತ್ತಿರುತ್ತೀಯ. ಕುಡಿತದವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಗುಂಪುಗಳಿವೆ. ಶ್ರೀಧರ ಮೀಟಿಂಗಿಗೆ ಹೋದರೂ, ಹೋಗದಿದ್ದರೂ, ನೀನು ಹೋಗಬಹುದು. ಬಾಟಲಿ ಹುಡುಕುತ್ತಾ, ಕುಡಿಯುವವರ ಪರವಾಗಿ ಆಫೀಸಿಗೆ ಸುಳ್ಳು ಹೇಳುತ್ತಾ ಸವೆದವರು ಅಲ್ಲಿರುತ್ತಾರೆ. ಅಲ್ಲಿಗೆ ನಿನ್ನ ಜೊತೆ ದೊಡ್ಡಮ್ಮ ಬರುತ್ತಾಳೆ. ಶ್ರೀಧರನ ಜೊತೆ ನಾನಿದ್ದೇನೆ. ಯಾವ ಸಂಜೆ ಬಿಡುವಿದೆ ಎಂದು ಅವನು ತಿಳಿಸಿದರೆ ಬಸ್ ಸ್ಟಾಪಿನಲ್ಲಿ ಕಾದಿರುತ್ತೇನೆ.